ಗುಳಿಗೆಗಿಂತ ಮುಂಚಿನ ಮಾತು

ಹೆತ್ತವರಿಂದ ಮಗುವಿಗೆ ಎಚ್‌ಐವಿ ದಾಟದಂತೆ ತಡೆದ ಚರಿತ್ರೆಯನ್ನು ಔಷಧದ ಚರಿತ್ರೆಯಾಗಿಯೇ ಹೇಳುವುದು ರೂಢಿ. 1994ರಲ್ಲಿ ಜಿಡೋವುಡಿನ್ ಈ ಅಪಾಯವನ್ನು ಮೂರರಲ್ಲಿ ಎರಡು ಪಾಲಿನಷ್ಟು ಇಳಿಸುತ್ತದೆಂದು ತಿಳಿಯಿತು. 1999ರಲ್ಲಿ ಉಗಾಂಡಾದಿಂದ ನೆವಿರಪಿನ್ ಸುದ್ದಿ ಬಂತು: ಹೆರಿಗೆ ಬ್ಯಾನಿ ಶುರುವಾದಾಗ ತಾಯಿಗೆ ಒಂದು ಗುಳಿಗೆ, 72 ತಾಸಿನೊಳಗೆ ಕೂಸಿಗೆ ಕೆಲವು ಹನಿ. ಇನ್ನು ಹಂಚುವುದಷ್ಟೇ ಬಾಕಿ ಎಂದು ದೂರದವರಿಗೆ ಅನ್ನಿಸಬಹುದು. ಹುಬ್ಬಳ್ಳಿ-ಧಾರವಾಡದ ಬದುಕು ಬಲ್ಲವರಿಗೆ ಅನ್ನಿಸದು. ಇಲ್ಲಿ ಚೊಚ್ಚಲ ಬಸುರಿ ಕುಬಸದ (ಸೀಮಂತದ) ಶಾಸ್ತ್ರ ಮುಗಿಸಿಕೊಂಡು ತವರಿಗೆ ಹೊರಡುತ್ತಾಳೆ. ರಕ್ತಪರೀಕ್ಷೆ ಗಂಡನ ಊರಲ್ಲಿ, ಹೆರಿಗೆ ಇನ್ನೊಂದು ತಾಲ್ಲೂಕಿನಲ್ಲೋ ಜಿಲ್ಲೆಯಲ್ಲೋ. ಕೂಸಿಗೆ ಜೇನು ನೆಕ್ಕಿಸುವವರು, ಆಕಳ ಹಾಲು ಕುಡಿಸುವವರು ಮನೆಯ ಹಿರಿಯರು. ಎದೆಹಾಲಿನ ಜೊತೆ ಬೇರೆಯದನ್ನು ಬೆರೆಸಿ ಕೊಟ್ಟರೆ ಸೋಂಕಿನ ಸಾಧ್ಯತೆ ಹೆಚ್ಚು. ಆದರೆ ರೋಗದ ಹೆಸರೆತ್ತದೆ ಅದನ್ನು ಅತ್ತೆಗೋ ಅವ್ವಗೋ ಹೇಳುವುದು ಹೇಗೆ? ಆಸ್ಪತ್ರೆಯ ಕಪಾಟಿನ ಗುಳಿಗೆ ಈ ಪ್ರಶ್ನೆಗೆ ಉತ್ತರಿಸದು. ಆಕೆಯ ಜೊತೆ ತವರಿಗೆ ಹೋಗಬಲ್ಲದ್ದು ಮನಸ್ಸಿಗೆ ನಾಟಿದ ಮಾತು ಮಾತ್ರ.

ಆ ಮಾತನಾಡುವವರನ್ನು ತರಬೇತುಗೊಳಿಸಿದ್ದೇ ಈ ಚರಿತ್ರೆಯ ತಿರುಳೆಂದು ನನ್ನ ವಾದ. 2000ದ ಪ್ರಾಯೋಗಿಕ ಹಂತದ ಬಳಿಕ ಈ ಸೋಂಕು ತಡೆಯುವ ಸರ್ಕಾರಿ ಕಾರ್ಯಕ್ರಮ ದೇಶದಲ್ಲಿ ಹರಡಿದಾಗ, ಹುಬ್ಬಳ್ಳಿಯ ಕಿಮ್ಸ್‌ನಂಥ ದೊಡ್ಡ ಆಸ್ಪತ್ರೆಗಳ ಬಸುರಿಯರ ತಪಾಸಣೆಯ ಜಾಗಕ್ಕೆ ಹೊಸ ಹುದ್ದೆಯೊಂದು ಬಂತು. ಕನ್ನಡ ಅದಕ್ಕೆ ಬರೀ ‘ಸಮಾಲೋಚಕ’ ಎನ್ನದೆ ‘ಆಪ್ತಸಮಾಲೋಚಕ’ ಎಂದಿತು. ಆ ‘ಆಪ್ತ’ ಎಂಬ ಪದದಲ್ಲೇ ತರಬೇತಿಯ ಅರ್ಧ ಪಾಠವಿದೆ. ಸಮಾಜಕಾರ್ಯವನ್ನೋ ಮನಶ್ಶಾಸ್ತ್ರವನ್ನೋ ಓದಿ ಬಂದವರು ಪರೀಕ್ಷೆಗೆ ಮುಂಚೆ ಒಪ್ಪಿಗೆ ಕೇಳುವುದನ್ನು, ಫಲಿತಾಂಶ ಹೇಳಿ ಸುಮ್ಮನೆ ಕೂರುವುದನ್ನು, ಗುಟ್ಟು ಕಾಯುವುದನ್ನು ಪಾತ್ರಾಭಿನಯ ಮಾಡಿ ಕಲಿಯಬೇಕಾಯಿತು. ಔಷಧ ಸುಧಾರಿಸಿದ ಮೇಲೆ ಇಷ್ಟೆಲ್ಲ ಮಾತೇಕೆ ಎಂಬ ಆಕ್ಷೇಪವಿದೆ. ನಡೆದದ್ದು ತಿರುಗುಮುರುಗು. 2012ರಲ್ಲಿ ಕರ್ನಾಟಕವೂ ಸೇರಿ ಮೂರು ರಾಜ್ಯಗಳಲ್ಲಿ, 2014ರಿಂದ ದೇಶದಾದ್ಯಂತ ಬಹು ಔಷಧಿಗಳ ಚಿಕಿತ್ಸೆ ಬಂತು. ಹೆರಿಗೆಯ ದಿನದ ಒಂದು ಗುಳಿಗೆ ಬದುಕಿಡೀ ದಿನವೂ ನುಂಗುವ ಗುಳಿಗೆಯಾಯಿತು. ಒಂದು ದಿನದ ಗುಳಿಗೆಯನ್ನು ಬಚ್ಚಿಡಬಹುದು, ದಿನದಿನದ್ದನ್ನು ಕೂಡುಕುಟುಂಬದಲ್ಲಿ ಎಲ್ಲಿಡುವುದು?

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ತಾಯಿಯೊಬ್ಬಳ ಮೇಲೆ ತಪ್ಪು ಬೀಳದಿರಲೆಂದು ಭಾರತ ಕಾರ್ಯಕ್ರಮದ ಹೆಸರಿನಲ್ಲಿ ‘ತಾಯಿಯಿಂದ’ ಎನ್ನದೆ ‘ಹೆತ್ತವರಿಂದ’ ಎಂದಿತು. ಆದರೂ ಸೂಜಿ ಮೊದಲು ಚುಚ್ಚುವುದು ಬಸುರಿಗೇ; ಮನೆಯಲ್ಲಿ ಮೊದಲು ಸೋಂಕು ಗೊತ್ತಾದವಳೇ ತಂದವಳೆಂದು ದೂಷಿತಳಾಗುತ್ತಾಳೆ. ಇದು ನಿಜ, ಹೆಸರು ಬದಲಿಸಿದರೆ ಹೋಗುವಂಥದ್ದಲ್ಲ. ಗಂಡನನ್ನು ಯಾವಾಗ, ಹೇಗೆ ಪರೀಕ್ಷೆಗೆ ಕರೆಸಬೇಕೆಂಬುದು ಅದಕ್ಕೇ ತರಬೇತಿಯ ಅತಿ ಕಷ್ಟದ ಪಾಠ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಯಾದ ಎಚ್‌ಐವಿ ಕಾಯ್ದೆ ಸಂಗಾತಿಗೆ ತಿಳಿಸುವ ಅವಕಾಶವನ್ನು ವೈದ್ಯರಿಗೂ ಸಮಾಲೋಚಕರಿಗೂ ಷರತ್ತಿನ ಮೇಲೆ ಕೊಟ್ಟಿದೆ. ಹೊಡೆತವೋ ಮನೆಯಿಂದ ಹೊರದಬ್ಬುವುದೋ ನಡೆದೀತೆಂಬ ಭಯವಿದ್ದಲ್ಲಿ, ಅದರಲ್ಲೂ ಹೆಣ್ಣಿನ ವಿಷಯದಲ್ಲಿ, ತಿಳಿಸಕೂಡದೆಂದೂ ಹೇಳಿದೆ. ಆ ಭಯ ಇದೆಯೋ ಇಲ್ಲವೋ ಎಂಬುದನ್ನು ಅಳೆಯುವ ಯಂತ್ರ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಎದುರು ಕೂತು ಕೇಳಿಸಿಕೊಂಡವರೇ ಹೇಳಬೇಕು.