ವಿಜಯನಗರದ ವಜ್ರದ ಗಣಿಗಳೂ ದೊಡ್ಡ ಹರಳುಗಳ ಗಣನೆಯೂ

ಕ್ರಿ. ಶ. 1535-37ರ ಸುಮಾರಿನಲ್ಲಿ ಪೋರ್ಚುಗೀಸ್ ವರ್ತಕನಾದ ಫೆರ್ನಾವೊ ನೂನಿಜನು ವಿಜಯನಗರದ ವೃತ್ತಾಂತವನ್ನು ಬರೆದನು. ಅದರಲ್ಲಿ ಕೊಟ್ಟಿರುವ ನಾಯಕರ ಪಟ್ಟಿಯಲ್ಲಿ ಅಡಪನಾಯಕನೆಂಬವನು ವಜ್ರಗಳು ದೊರೆಯುವ ‘ಗೇಟ್’ ಎಂಬ ನಾಡಿನ ಒಡೆಯನೆಂದು ಹೇಳಿದೆ. ಇವನು ವಜ್ರಗಳ ಬಾಬ್ತು ಅರಸನಿಗೆ ವರ್ಷಕ್ಕೆ 40,000 ಪರ್ದಾವುಗಳನ್ನು ತೆರಬೇಕು; ಇಪ್ಪತ್ತು ಮಂಗೆಲಿಗಳಿಗೆ ಮೀರಿದ ಹರಳುಗಳೆಲ್ಲವೂ ಅರಮನೆಯ ಬೊಕ್ಕಸಕ್ಕೆ ಸೇರತಕ್ಕವು. ‘ಗೇಟ್’ ಎಂಬುದನ್ನು ಗುತ್ತಿಯೆಂದು ಓದುವುದು ನಮಗೆ ಯುಕ್ತವಾಗಿ ತೋರುತ್ತದೆ. ವಜ್ರಕರೂರು ಅದರ ನೆರೆಯಲ್ಲಿಯೇ ಇದೆ. (ಹಾವೇರಿಯ ಬಳಿಯ ಗುತ್ತಲದಲ್ಲಿ ಆಳಿದ ಗುತ್ತರಿಗೂ ಈ ಗುತ್ತಿಗೂ ಹೆಸರಿನ ಹೋಲಿಕೆಯ ಹೊರತು ಬೇರೆ ಸಂಬಂಧವನ್ನು ಕಲ್ಪಿಸಬಾರದು.)

ಇಂತಹ ಕಟ್ಟಳೆ ಇದ್ದುದರಿಂದಲೇ ವರ್ಷವರ್ಷವೂ ದೊಡ್ಡ ಹರಳುಗಳು ಹೇರಳವಾಗಿ ಸಿಗುತ್ತಿದ್ದುವೆಂದು ಊಹಿಸುವುದುಂಟು. ಈ ಊಹೆ ನಿಲ್ಲಲಾರದು.

ಮೊದಲು ತೂಕವನ್ನು ನೋಡುವ. ಮಂಗೆಲಿಯೆಂದರೆ ತಮಿಳಿನ ಮಂಜಾಡಿ, ಎಂದರೆ ಒಂದು ಮರದ ಕೆಂಪು ಬೀಜ. ಹದಿನೇಳನೆಯ ಶತಮಾನದಲ್ಲಿ ಗಣಿಗಳನ್ನು ಕಣ್ಣಾರೆ ಕಂಡ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆಯ ಲೆಕ್ಕದಂತೆ ಅದು ಗೋವೆಯಲ್ಲಿ 1¼ ಕ್ಯಾರಟ್, ಗೋಲ್ಕೊಂಡ ಮತ್ತು ಬಿಜಾಪುರ ರಾಜ್ಯಗಳಲ್ಲಿ 1⅜, ರಾವೋಲ್ಕೊಂಡದ ಗಣಿಯಲ್ಲಿ 1¾. ಆದುದರಿಂದ ಅರಸನ ಎಲ್ಲೆಯು 25 ಕ್ಯಾರಟ್ ಆದರೂ ಆಗಿರಬಹುದು, 35 ಆದರೂ ಆಗಿರಬಹುದು. ಮೇರೆಯೇ ಇಷ್ಟು ಅಲುಗಾಡುತ್ತಿರುವಾಗ ಅದನ್ನು ದಾಟಿದ ಹರಳುಗಳನ್ನು ಎಣಿಸುವುದೆಂತು?

ಇಪ್ಪತ್ತೆಂಬ ಸಂಖ್ಯೆಯು ಸಂಸ್ಕೃತಜ್ಞರಿಗೆ ಬೃಹತ್ಸಂಹಿತೆಯನ್ನು ನೆನಪಿಗೆ ತರುವುದು ಸಹಜ. ವರಾಹಮಿಹಿರನು ಎಂಟು ಬಿಳಿಸಾಸಿವೆಗೆ ಒಂದು ತಂಡುಲವೆಂದು ಹೇಳಿ, ಇಪ್ಪತ್ತು ತಂಡುಲದ ವಜ್ರಕ್ಕೆ ಎರಡು ಲಕ್ಷ ಬೆಲೆಯಿಟ್ಟು, ಅಲ್ಲಿಂದ ಎರಡೆರಡು ತಂಡುಲ ಇಳಿಸುತ್ತ ಹೋಗುತ್ತಾನೆ, ಮೇಲಕ್ಕೆ ಏರುವುದಿಲ್ಲ. ಆದರೆ ತಂಡುಲವೇ ಬೇರೆ, ಮಂಜಾಡಿಯೇ ಬೇರೆ. ನಮ್ಮ ಗುತ್ತರು ತಮ್ಮನ್ನು ಉಜ್ಜಯಿನೀಪುರವರಾಧೀಶ್ವರರೆಂದು ಕರೆದುಕೊಂಡ ಮಾತ್ರಕ್ಕೆ ಅವಂತಿಯ ಈ ಗಣನೆ ತುಂಗಭದ್ರೆಗೆ ಇಳಿದು ಬಂದಿತೆನ್ನಲಾಗದು.

ಇನ್ನು ಕಟ್ಟಳೆಯ ಅಭಿಪ್ರಾಯ. ಗುತ್ತಿಗೆದಾರನು ನಿಶ್ಚಿತವಾದ ಹಣವನ್ನು ಒಪ್ಪಬೇಕಾದರೆ ನಿಶ್ಚಿತವಾಗಿ ಸಿಗುವ ವಸ್ತುವಿನ ಮೇಲೆ ಮಾತ್ರ ಒಪ್ಪಬಲ್ಲನು. ಸಣ್ಣ ಹರಳುಗಳು ಹಾಗೆ ಸಿಗುತ್ತಿದ್ದುವು. ಅವಕ್ಕೆ 40,000 ಪರ್ದಾವು. ದೊಡ್ಡವು ಯಾವಾಗ, ಎಷ್ಟು ಎಂಬುದನ್ನು ಯಾರೂ ಬಲ್ಲವರಲ್ಲ. ಆದುದರಿಂದಲೇ ಅವನ್ನು ಗುತ್ತಿಗೆಯ ಹೊರಗಿಟ್ಟರು. ಹೀಗೆ ನೋಡಿದರೆ ಈ ಕಟ್ಟಳೆಯು ಸಮೃದ್ಧಿಗೆ ಸಾಕ್ಷಿಯಲ್ಲ, ಅನಿಶ್ಚಯಕ್ಕೆ ಸಾಕ್ಷಿ.

ತಾವೆರ್ನಿಯೆಯ ಮಾತು ಇದಕ್ಕೆ ಪೋಷಕವಾಗಿದೆ. ರಾವೋಲ್ಕೊಂಡದಲ್ಲಿ ಏಳೆಂಟು ಮಂಗೆಲಿಯ ಹರಳು ಕಂಡ ಆಳಿಗೆ ಪಾಗಿನ ಬಟ್ಟೆಯನ್ನೂ ಅಲ್ಪಸ್ವಲ್ಪ ಹಣವನ್ನೂ ಇನಾಮು ಕೊಡುತ್ತಿದ್ದರಂತೆ. ಹನ್ನೆರಡು ಹದಿನಾಲ್ಕು ಕ್ಯಾರಟ್ಟಿನ ಹರಳೇ ಇನಾಮಿಗೆ ಯೋಗ್ಯವಾಗಿದ್ದ ಗಣಿಯಲ್ಲಿ ಮೂವತ್ತೈದರದು ಎಷ್ಟು ವಿರಳವಾಗಿರಬೇಡ! ಆದರೆ ಈ ಪ್ರಮಾಣವನ್ನು ಕೃಷ್ಣಾತೀರದ ಕೊಲ್ಲೂರಿಗೆ ಒಯ್ಯುವಂತಿಲ್ಲ; ಅರವತ್ತು ಸಾವಿರ ಜನ ದುಡಿಯುತ್ತಿದ್ದ ಆ ಗಣಿಯಲ್ಲಿ ಹತ್ತರಿಂದ ನಲವತ್ತು ಕ್ಯಾರಟ್ಟಿನವು ಅನೇಕವಿದ್ದುವೆಂದು ಅವನೇ ಹೇಳುತ್ತಾನೆ. ಇದರ ಮೇಲೆ ಕಳವು ಬೇರೆ. ಐವತ್ತು ಆಳುಗಳಿಗೆ ಹನ್ನೆರಡು ಹದಿನೈದು ಕಾವಲುಗಾರರಿದ್ದರೂ ಒಬ್ಬನು ಕಣ್ಣಿನ ಕೊನೆಯಲ್ಲಿ ಹರಳನ್ನು ಅಡಗಿಸಿಕೊಂಡಿದ್ದನಂತೆ.

ಈಗಿನ ಶಾಸ್ತ್ರಜ್ಞರು ಸಣ್ಣ ಹರಳುಗಳನ್ನು ತೂಕದ ವರ್ಗಗಳಾಗಿ ಎಣಿಸಿ, ಅವು ವಿರಳವಾಗುತ್ತ ಹೋಗುವ ಕ್ರಮದಿಂದ ದೊಡ್ಡವನ್ನು ಅನುಮಾನಿಸುತ್ತಾರೆ. ಈ ಮಾರ್ಗವೂ ನಿರ್ದೋಷವಲ್ಲ. ಮಾದರಿಗೆ ತೆಗೆದ ಸ್ವಲ್ಪ ಕಲ್ಲಿನಲ್ಲಿ ದೊಡ್ಡ ಹರಳು ಸಿಕ್ಕದಿರಬಹುದು, ಸಿಕ್ಕರೂ ಅರೆಯುವ ಯಂತ್ರದಲ್ಲಿ ಒಡೆಯಬಹುದು. ಬೋತ್ಸ್ವಾನದ ಕಾರೋವೆ ಗಣಿಯಲ್ಲಿ ಕ್ಷಕಿರಣದಿಂದ ಹರಳನ್ನು ಗುರುತಿಸಿ ಬೇರ್ಪಡಿಸುವ ಯಂತ್ರವನ್ನಿಟ್ಟ ಮೇಲೆ 2015ರಲ್ಲಿ 1,109 ಕ್ಯಾರಟ್ಟಿನದೂ 2024ರಲ್ಲಿ 2,488 ಕ್ಯಾರಟ್ಟಿನದೂ ದೊರೆತುವು. ವಿಜಯನಗರದ ಗಣಿಗಳ ವಿಷಯದಲ್ಲಿ ನೂನಿಜನು ಕೊಡುವುದು ಗುತ್ತಿಗೆಯ ಮೊತ್ತವನ್ನು. ಅನುಮಾನಕ್ಕೆ ಬೇಕಾದದ್ದು ಸಣ್ಣ ಹರಳುಗಳ ಎಣಿಕೆ. ಒಂದರಿಂದ ಇನ್ನೊಂದನ್ನು ಹೊರಡಿಸಲಾಗದು.

ವಜ್ರಕರೂರಿನಲ್ಲಿ 1881ರಲ್ಲಿ 67⅜ ಕ್ಯಾರಟ್ಟಿನ ಹರಳೊಂದು ದೊರೆಯಿತು. ಅರಸನ ಎಲ್ಲೆಯನ್ನು ಯಾವ ತೂಕದಿಂದ ಅಳೆದರೂ ಅದು ಬೊಕ್ಕಸಕ್ಕೆ ಸಲ್ಲತಕ್ಕದ್ದಾಗಿತ್ತು. ಕೇಳುವ ಅರಸನು ಆಗ ಇರಲಿಲ್ಲ. ಮುಂಗಾರು ಬಿದ್ದೊಡನೆ ಆ ಸೀಮೆಯ ಜನರು ಇಂದಿಗೂ ಹೊಲಗಳಲ್ಲಿ ಬಗ್ಗಿ ಹರಳು ಅರಸುತ್ತಾರೆ.