ವೆಬ್ ಅಪ್ಲಿಕೇಶನ್‌ಗಳಲ್ಲಿ ಎಕ್ಸ್‌ಎಂಎಲ್ ಬಳಕೆಯ ಇತಿಹಾಸ

ಎಕ್ಸ್‌ಎಂಎಲ್ ಎಂಬುದು ಪಠ್ಯದ ಭಾಗಗಳಿಗೆ ಹೆಸರಿನ ಗುರುತು ಹಾಕಿ, ಯಾವುದು ಯಾವುದರ ಒಳಗಿದೆ ಎಂಬುದು ಯಂತ್ರಕ್ಕೂ ಮನುಷ್ಯರಿಗೂ ತಿಳಿಯುವಂತೆ ಬರೆದಿಡಲು ರೂಪಿಸಿದ ನಿಯಮಾವಳಿ. ಈ ಗುರುತುಗಳಿಗೆ ಟ್ಯಾಗ್ ಎಂದು ಹೆಸರು. ಎಚ್‌ಟಿಎಂಎಲ್‌ನಲ್ಲಿ ಟ್ಯಾಗ್‌ಗಳ ಹೆಸರು ಮೊದಲೇ ನಿಗದಿಯಾಗಿರುತ್ತದೆ ಮತ್ತು ಅವು ಬಹುಪಾಲು ಶೀರ್ಷಿಕೆ, ಪ್ಯಾರಾ, ಚಿತ್ರ ಮುಂತಾದ ಪುಟದ ಅಂಗಗಳನ್ನು ಸೂಚಿಸುತ್ತವೆ. ಎಕ್ಸ್‌ಎಂಎಲ್‌ನಲ್ಲಿ ಬಳಸುವವರೇ ತಮ್ಮ ವಿಷಯಕ್ಕೆ ತಕ್ಕಂತೆ ‘ಗ್ರಾಹಕ’, ‘ಬೆಲೆ’, ‘ದಿನಾಂಕ’ ಎಂದು ಹೆಸರಿಟ್ಟುಕೊಳ್ಳುತ್ತಾರೆ. ವೆಬ್ ಪುಟಗಳ ಮುಂದಿನ ಭಾಷೆಯಾಗಲೆಂದು ಹುಟ್ಟಿದ ಈ ವಿಧಾನಕ್ಕೆ ಪುಟದ ಮೇಲೆ ನೆಲೆ ಸಿಗಲಿಲ್ಲ. ಅದು ಬೇರೂರಿದ್ದು ಪುಟದ ಹಿಂದೆ, ಒಂದು ಸರ್ವರ್ ಇನ್ನೊಂದರೊಡನೆ ವ್ಯವಹರಿಸುವ ಜಾಗದಲ್ಲಿ.

ಇದರ ಮೂಲ ವೆಬ್‌ಗಿಂತ ಹಳೆಯದು. ಐಬಿಎಂ ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ 1969ರಲ್ಲಿ ಕಾನೂನು ದಾಖಲೆಗಳ ನಿರ್ವಹಣೆಗಾಗಿ ರೂಪಿಸಿದ ಜಿಎಂಎಲ್ ಮುಂದೆ ಎಸ್‌ಜಿಎಂಎಲ್ ಆಗಿ ಬೆಳೆದು 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ದೊಡ್ಡ ಪ್ರಕಾಶನ ಸಂಸ್ಥೆಗಳಿಗೆ, ರಕ್ಷಣಾ ಇಲಾಖೆಗಳ ಕೈಪಿಡಿಗಳಿಗೆ ಅದು ಒದಗಿತಾದರೂ, ಅದರ ಐಚ್ಛಿಕ ನಿಯಮಗಳೇ ಅಷ್ಟೊಂದಿದ್ದುದರಿಂದ ಅದನ್ನು ಪೂರ್ತಿಯಾಗಿ ಓದಬಲ್ಲ ತಂತ್ರಾಂಶ ಬರೆಯುವುದು ದುಬಾರಿ ಕೆಲಸವಾಗಿತ್ತು. 1996ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಆಶ್ರಯದಲ್ಲಿ, ಸನ್ ಮೈಕ್ರೋಸಿಸ್ಟಮ್ಸ್‌ನ ಜಾನ್ ಬೋಸಾಕ್ ನೇತೃತ್ವದ ಗುಂಪು ಅದನ್ನು ವೆಬ್‌ಗೆ ಹೊಂದುವಷ್ಟು ಚಿಕ್ಕದಾಗಿಸಲು ಹೊರಟಿತು. ಟಿಮ್ ಬ್ರೇ, ಜೀನ್ ಪಾವೋಲಿ ಮತ್ತು ಸ್ಪೆರ್ಬರ್ಗ್-ಮೆಕ್‌ಕ್ವೀನ್ ಸಂಪಾದಿಸಿದ ಎಕ್ಸ್‌ಎಂಎಲ್ 1.0 ಶಿಫಾರಸು 1998ರ ಫೆಬ್ರವರಿ 10ರಂದು ಪ್ರಕಟವಾಯಿತು.

ಆ ಶಿಫಾರಸಿನ ಎರಡು ನಿರ್ಧಾರಗಳು ಮುಂದಿನ ಚರಿತ್ರೆಯನ್ನೆಲ್ಲ ರೂಪಿಸಿದವು. ಮೊದಲನೆಯದು ಕಟ್ಟುನಿಟ್ಟು: ತೆರೆದ ಟ್ಯಾಗನ್ನೆಲ್ಲ ಮುಚ್ಚಬೇಕು, ಒಂದರೊಳಗೊಂದು ಸರಿಯಾಗಿ ಅಡಕವಾಗಬೇಕು, ತಪ್ಪು ಕಂಡರೆ ಅದನ್ನು ಓದುವ ತಂತ್ರಾಂಶ, ಅಂದರೆ ಪಾರ್ಸರ್, ಊಹೆ ಮಾಡಿ ಮುಂದುವರಿಯದೆ ಅಲ್ಲಿಯೇ ಸಂಸ್ಕರಣೆ ನಿಲ್ಲಿಸಬೇಕು. ಎರಡನೆಯದು ಯೂನಿಕೋಡ್‌ನ ಸ್ವೀಕಾರ. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಈ ವ್ಯವಸ್ಥೆಯ ಯುಟಿಎಫ್-8 ಮತ್ತು ಯುಟಿಎಫ್-16 ರೂಪಗಳನ್ನು ಪ್ರತಿಯೊಂದು ಪಾರ್ಸರ್ ಓದಲೇಬೇಕೆಂದು ವಿಧಿಸಲಾಯಿತು. ಕನ್ನಡದ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ. ಆ ಹೊತ್ತಿಗೆ ಕನ್ನಡ ಪುಟಗಳು ಫಾಂಟ್‌ಗೊಂದು ಸಂಕೇತ ಪದ್ಧತಿಯನ್ನು ನೆಚ್ಚಿಕೊಂಡಿದ್ದು, ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತಿದ್ದವು. ಎಕ್ಸ್‌ಎಂಎಲ್‌ನ ಮೊದಲ ಆವೃತ್ತಿಯೇ ಪಠ್ಯದಲ್ಲಷ್ಟೇ ಅಲ್ಲದೆ ಟ್ಯಾಗ್‌ಗಳ ಹೆಸರಿನಲ್ಲೂ ಕನ್ನಡ ಅಕ್ಷರಗಳಿಗೆ ಅವಕಾಶ ಕೊಟ್ಟಿತ್ತು. ಯೂನಿಕೋಡ್‌ಗೆ ತಡವಾಗಿ ಸೇರಿದ ಸಿಂಹಳ, ಖ್ಮೇರ್ ಮುಂತಾದ ಲಿಪಿಗಳು ಇದೇ ಸವಲತ್ತಿಗಾಗಿ ನಂತರದ ಪರಿಷ್ಕರಣೆಗಳವರೆಗೆ ಕಾಯಬೇಕಾಯಿತು. ಹಾಗಿದ್ದೂ ಕನ್ನಡದಲ್ಲಿ ಟ್ಯಾಗ್ ಬರೆಯುವ ರೂಢಿ ಬೆಳೆಯಲಿಲ್ಲ.

ಎಕ್ಸ್‌ಎಂಎಲ್ ಕಡತವನ್ನು ಪ್ರೋಗ್ರಾಂಗಳು ಬಳಸಿಕೊಳ್ಳಲು ಎರಡು ದಾರಿಗಳು ಬೇಗನೆ ರೂಪುಗೊಂಡವು. ಇಡೀ ಕಡತವನ್ನು ಮೆಮೊರಿಯಲ್ಲಿ ವೃಕ್ಷದಂತೆ ಕಟ್ಟಿ ಯಾವ ಕೊಂಬೆಗೆ ಬೇಕಾದರೂ ಹೋಗಲು ಬಿಡುವ ಡಾಮ್ ಒಂದು. ಕಡತವನ್ನು ಮೊದಲಿನಿಂದ ಓದುತ್ತ ಪ್ರತಿ ಟ್ಯಾಗ್ ಎದುರಾದಾಗ ಸೂಚನೆ ಕೊಡುವ, ಆ ಕಾರಣ ಕಡಿಮೆ ಮೆಮೊರಿಯಲ್ಲಿ ಭಾರೀ ಕಡತಗಳನ್ನು ನಿಭಾಯಿಸುವ ಸ್ಯಾಕ್ಸ್ ಇನ್ನೊಂದು. 1999ರ ನವೆಂಬರ್‌ನಲ್ಲಿ ಬಂದ ಎಕ್ಸ್‌ಎಸ್‌ಎಲ್‌ಟಿ ಒಂದು ಎಕ್ಸ್‌ಎಂಎಲ್ ರೂಪವನ್ನು ಮತ್ತೊಂದಕ್ಕೋ ಎಚ್‌ಟಿಎಂಎಲ್‌ಗೋ ಪರಿವರ್ತಿಸುವ ಭಾಷೆ. ಅದರ ನೆರವಿನಿಂದ ಒಂದೇ ದತ್ತಾಂಶವನ್ನು ಗಣಕಕ್ಕೆ ಒಂದು ಬಗೆಯಾಗಿ, ಅಂದಿನ ಮೊಬೈಲ್‌ಗಳಿಗೆ ಇನ್ನೊಂದು ಬಗೆಯಾಗಿ ತೋರಿಸುವ ಜಾಲತಾಣಗಳನ್ನು ಕಟ್ಟಲಾಯಿತು.

ಪುಟದ ಭಾಷೆಯನ್ನೇ ಎಕ್ಸ್‌ಎಂಎಲ್ ನಿಯಮಕ್ಕೆ ಒಗ್ಗಿಸುವ ಪ್ರಯತ್ನ 2000ದ ಜನವರಿಯಲ್ಲಿ ಎಕ್ಸ್‌ಎಚ್‌ಟಿಎಂಎಲ್ 1.0 ಎಂಬ ಹೆಸರಿನಲ್ಲಿ ಹೊರಬಂತು. ಇಲ್ಲಿ ಮೇಲೆ ಹೇಳಿದ ಕಟ್ಟುನಿಟ್ಟೇ ಮುಳುವಾಯಿತು. ಎಚ್‌ಟಿಎಂಎಲ್ ಪುಟದಲ್ಲಿ ಒಂದು ಟ್ಯಾಗ್ ಮುಚ್ಚಲು ಮರೆತರೆ ಬ್ರೌಸರ್ ಹೇಗೋ ಸರಿದೂಗಿಸಿಕೊಂಡು ಪುಟವನ್ನು ತೋರಿಸುತ್ತಿತ್ತು. ಅದೇ ಪುಟವನ್ನು ನಿಜವಾದ ಎಕ್ಸ್‌ಎಂಎಲ್ ಎಂದು ಕಳುಹಿಸಿದರೆ, ಓದುಗರು ಬರೆದ ಒಂದು ಪ್ರತಿಕ್ರಿಯೆಯಲ್ಲಿ ನುಸುಳಿದ ಒಂದೇ ತಪ್ಪು ಚಿಹ್ನೆಗೆ ಪುಟದ ಬದಲು ದೋಷ ಸಂದೇಶ ಕಾಣುತ್ತಿತ್ತು. ಅಂದು ಬಹುಪಾಲು ಜನ ಬಳಸುತ್ತಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ 2011ರ ಒಂಬತ್ತನೆಯ ಆವೃತ್ತಿಯವರೆಗೂ ಈ ಬಗೆಯ ಪುಟಗಳನ್ನು ತೋರಿಸುತ್ತಲೇ ಇರಲಿಲ್ಲ. ಹೀಗಾಗಿ ಎಕ್ಸ್‌ಎಚ್‌ಟಿಎಂಎಲ್ ಎಂದು ಹೇಳಿಕೊಂಡ ಪುಟಗಳಲ್ಲಿ ಹೆಚ್ಚಿನವು ಸಾಮಾನ್ಯ ಎಚ್‌ಟಿಎಂಎಲ್ ಆಗಿಯೇ ರವಾನೆಯಾಗುತ್ತಿದ್ದವು, ಅಂದರೆ ಶಿಸ್ತು ತೋರಿಕೆಗೆ ಮಾತ್ರ ಉಳಿದಿತ್ತು. ಆಪಲ್, ಮೊಜಿಲ್ಲಾ ಮತ್ತು ಒಪೆರಾಕ್ಕೆ ಸೇರಿದವರು 2004ರಲ್ಲಿ ಬೇರೆ ಗುಂಪು ಕಟ್ಟಿ ಎಚ್‌ಟಿಎಂಎಲ್ ಅನ್ನೇ ಮುಂದುವರಿಸಿದರು. ಎಕ್ಸ್‌ಎಚ್‌ಟಿಎಂಎಲ್ 2ರ ಕೆಲಸ 2009ರ ಕೊನೆಗೆ ನಿಂತಿತು.

ಬ್ರೌಸರ್‌ನಲ್ಲಿ ಎಕ್ಸ್‌ಎಂಎಲ್ ಹೆಸರು ಉಳಿದುಕೊಂಡಿರುವುದು ಮತ್ತೊಂದು ಬಾಗಿಲಿನಿಂದ. ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ತಂಡ ಔಟ್‌ಲುಕ್ ಅಂಚೆಯನ್ನು ಬ್ರೌಸರ್‌ಗೆ ತರುತ್ತಿದ್ದಾಗ, ಪ್ರತಿ ಕ್ಲಿಕ್ಕಿಗೂ ಇಡೀ ಪುಟ ಮತ್ತೆ ಬರುವುದನ್ನು ತಪ್ಪಿಸಲು, ಹಿನ್ನೆಲೆಯಲ್ಲಿಯೇ ಸರ್ವರ್‌ನಿಂದ ದತ್ತಾಂಶ ತರಿಸಿಕೊಳ್ಳುವ ಸಣ್ಣ ಘಟಕವೊಂದನ್ನು ಬರೆಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಬಿಡುಗಡೆ ಹತ್ತಿರವಿದ್ದು, ಅದರೊಡನೆ ಹೋಗಲಿದ್ದ ಎಕ್ಸ್‌ಎಂಎಲ್ ಲೈಬ್ರರಿಯೊಳಗೆ ಈ ಘಟಕವನ್ನು ಸೇರಿಸುವುದೇ ಸುಲಭವಾಗಿದ್ದರಿಂದ ಅದಕ್ಕೆ ಎಕ್ಸ್‌ಎಂಎಲ್‌ಎಚ್‌ಟಿಟಿಪಿ ಎಂಬ ಹೆಸರು ಅಂಟಿಕೊಂಡಿತು. ಅದು ತರುವ ಮಾಹಿತಿ ಎಕ್ಸ್‌ಎಂಎಲ್ ಆಗಿರಬೇಕೆಂಬ ಕಡ್ಡಾಯವೇನೂ ಇರಲಿಲ್ಲ. 1999ರ ಮಾರ್ಚ್‌ನಲ್ಲಿ ಬಳಕೆಗೆ ಬಂದ ಇದನ್ನು ಮೊಜಿಲ್ಲಾ ಎಕ್ಸ್‌ಎಂಎಲ್‌ಎಚ್‌ಟಿಟಿಪಿ ರಿಕ್ವೆಸ್ಟ್ ಎಂಬ ಹೆಸರಿನಲ್ಲಿ ಅಳವಡಿಸಿಕೊಂಡಿತು, ಉಳಿದ ಬ್ರೌಸರ್‌ಗಳು ಹಿಂಬಾಲಿಸಿದವು. 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್ ಇದರ ಶಕ್ತಿಯನ್ನು ಎಲ್ಲರಿಗೂ ಕಾಣಿಸಿದವು. ಜೆಸ್ಸಿ ಜೇಮ್ಸ್ ಗ್ಯಾರೆಟ್ 2005ರ ಫೆಬ್ರವರಿಯ ಲೇಖನವೊಂದರಲ್ಲಿ ಈ ತಂತ್ರಗಳ ಸಮೂಹವನ್ನು ಏಜಾಕ್ಸ್ ಎಂದು ಕರೆದರು.

ಸರ್ವರ್‌ಗಳ ನಡುವಿನ ವ್ಯವಹಾರಕ್ಕೆ ಎಕ್ಸ್‌ಎಂಎಲ್ ತಾನಾಗಿ ಒಗ್ಗಿತು. ದೂರದ ಗಣಕದಲ್ಲಿರುವ ಕಾರ್ಯವೊಂದನ್ನು ಎಕ್ಸ್‌ಎಂಎಲ್ ಸಂದೇಶದ ಮೂಲಕ ನಡೆಸಿಕೊಳ್ಳುವ ಎಕ್ಸ್‌ಎಂಎಲ್-ಆರ್‌ಪಿಸಿ 1998ರಲ್ಲಿ ಬಂತು, ಅದರ ಬೆನ್ನಿಗೇ ಸೋಪ್ ಬಂತು. ಸೋಪ್ ಸಂದೇಶಕ್ಕೆ ಎನ್ವಲಪ್ ಎಂಬ ಹೊರಕವಚ, ಅದರೊಳಗೆ ಹೆಡರ್ ಮತ್ತು ಬಾಡಿ ಎಂಬ ಭಾಗಗಳಿರುತ್ತವೆ. ಸೇವೆಯ ವಿವರವನ್ನು ಡಬ್ಲ್ಯುಎಸ್‌ಡಿಎಲ್ ಎಂಬ ಇನ್ನೊಂದು ಎಕ್ಸ್‌ಎಂಎಲ್ ಕಡತದಲ್ಲಿ ಬರೆದರೆ, ಜಾವಾದಲ್ಲೋ ಡಾಟ್‌ನೆಟ್‌ನಲ್ಲೋ ಅದನ್ನು ಕರೆಯಲು ಬೇಕಾದ ಕೋಡ್ ಯಂತ್ರದಿಂದಲೇ ತಯಾರಾಗುತ್ತಿತ್ತು. ಬ್ಯಾಂಕು, ವಿಮೆ, ದೂರಸಂಪರ್ಕ ಕ್ಷೇತ್ರಗಳಿಗೆ ಇದು ಹಿಡಿಸಿತು. ಆದರೆ ಭದ್ರತೆಗೊಂದು, ವಿಶ್ವಾಸಾರ್ಹ ರವಾನೆಗೊಂದು ಎಂದು ಮಾನಕದ ಮೇಲೆ ಮಾನಕ ಸೇರುತ್ತ ಹೋಗಿ, ಸರಳವೆಂಬ ಅರ್ಥದ ಪದವನ್ನು ಹೆಸರಿನಲ್ಲಿಟ್ಟುಕೊಂಡೇ ಹುಟ್ಟಿದ ಸೋಪ್ ತಜ್ಞರಷ್ಟೇ ನಿಭಾಯಿಸುವ ವ್ಯವಸ್ಥೆಯಾಯಿತು. ಇದಕ್ಕೆ ಹೋಲಿಸಿದರೆ, ಜಾಲತಾಣದ ಹೊಸ ಬರಹಗಳ ಪಟ್ಟಿಯನ್ನು ಕೊಡುವ ಆರ್‌ಎಸ್‌ಎಸ್ ಎಷ್ಟು ಹಗುರವಾಗಿತ್ತೆಂದರೆ, ನೆಟ್‌ಸ್ಕೇಪ್ 1999ರಲ್ಲಿ ಆರಂಭಿಸಿ ಕೈಬಿಟ್ಟ ಮೇಲೂ ಅದು ಬದುಕಿ, ಪಾಡ್‌ಕಾಸ್ಟ್‌ಗಳನ್ನು ಇಂದಿಗೂ ಹಂಚುತ್ತಿದೆ.

ಪ್ರೋಗ್ರಾಂ ಹೇಗೆ ನಡೆಯಬೇಕೆಂದು ತಿಳಿಸುವ ಸಂರಚನಾ ಕಡತಗಳಿಗೂ ಎಕ್ಸ್‌ಎಂಎಲ್ ಬಳಕೆಯಾಯಿತು, ಈ ವಿಷಯದಲ್ಲಿ ಜಾವಾ ಲೋಕ ಮಿತಿ ಮೀರಿತೆನ್ನಬೇಕು. ಸರ್ವ್‌ಲೆಟ್, ಸ್ಟ್ರಟ್ಸ್, ಸ್ಪ್ರಿಂಗ್ ಮುಂತಾದ ಜಾವಾ ವೆಬ್ ಸಾಧನಗಳೆಲ್ಲವೂ ಎಕ್ಸ್‌ಎಂಎಲ್ ಕೇಳುತ್ತಿದ್ದ ಕಾಲದಲ್ಲಿ ಪ್ರೋಗ್ರಾಂಗಿಂತ ಅದರ ಸಂರಚನೆಯೇ ಉದ್ದವಾಗುವುದೂ ಇತ್ತು. ಕೋಡ್‌ನಲ್ಲಿಯೇ ಸೂಚನೆ ಬರೆಯುವ ಅನೊಟೇಶನ್‌ಗಳು ಬಂದ ಮೇಲೆ ಆ ಹೊರೆ ಇಳಿಯಿತು.

ದತ್ತಾಂಶ ವಿನಿಮಯದಲ್ಲಿ ಎಕ್ಸ್‌ಎಂಎಲ್‌ನ ಜಾಗವನ್ನು ಬಹುಮಟ್ಟಿಗೆ ಹಿಡಿದದ್ದು ಡಗ್ಲಸ್ ಕ್ರಾಕ್‌ಫೋರ್ಡ್ ಪ್ರಚುರಪಡಿಸಿದ ಜೇಸನ್. ಅದು ಬ್ರೌಸರ್‌ನ ಜಾವಾಸ್ಕ್ರಿಪ್ಟ್‌ನಿಂದಲೇ ಹೊಮ್ಮಿದ ರೂಪವಾದುದರಿಂದ, ಡಾಮ್ ವೃಕ್ಷವನ್ನು ಹತ್ತಿಳಿಯುವ ಶ್ರಮವಿಲ್ಲದೆ ದತ್ತಾಂಶ ನೇರವಾಗಿ ಪ್ರೋಗ್ರಾಂನ ಕೈಗೆ ಸಿಗುತ್ತಿತ್ತು. ಎಕ್ಸ್‌ಎಂಎಲ್ ಮೂಲತಃ ದಾಖಲೆಗಳಿಗಾಗಿ ಹುಟ್ಟಿದ್ದು. ವಾಕ್ಯದ ನಡುವೆ ಟ್ಯಾಗ್ ಬರುವ ಕಾನೂನು ಪಠ್ಯಕ್ಕೋ ಪುಸ್ತಕಕ್ಕೋ ಅದು ಈಗಲೂ ಮೇಲು, ಹೆಸರು ಮತ್ತು ಮೌಲ್ಯಗಳ ಬರಿಯ ಪಟ್ಟಿಗೆ ಅದು ಅತಿಯಾಯಿತು. ಹೊರಗಿನ ಕಡತಗಳನ್ನು ಉಲ್ಲೇಖಿಸಿ ಒಳಗೆ ಎಳೆದುಕೊಳ್ಳುವ ಎಕ್ಸ್‌ಎಂಎಲ್‌ನ ಸೌಲಭ್ಯ ಭದ್ರತೆಯ ರಂಧ್ರವಾಗಿಯೂ ಪರಿಣಮಿಸಿತು. ದಾಳಿಕೋರರು ಇದರ ಮೂಲಕ ಸರ್ವರ್‌ನ ಗುಪ್ತ ಕಡತಗಳನ್ನು ಓದಬಹುದಾಗಿದ್ದರಿಂದ ವೆಬ್ ಭದ್ರತೆಗಾಗಿ ದುಡಿಯುವ ಒವಾಸ್ಪ್ ಸಂಸ್ಥೆ 2017ರ ತನ್ನ ಹತ್ತು ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಇದಕ್ಕೆ ನಾಲ್ಕನೆಯ ಸ್ಥಾನ ಕೊಟ್ಟಿತು.

ಭಾರತದಲ್ಲಿ ಎಕ್ಸ್‌ಎಂಎಲ್ ಜನಸಾಮಾನ್ಯರ ಕೈಗೂ ಬಂದದ್ದು ಸರ್ಕಾರಿ ಮತ್ತು ಹಣಕಾಸು ವ್ಯವಸ್ಥೆಗಳ ಮೂಲಕ. ಆದಾಯ ತೆರಿಗೆ ವಿವರವನ್ನು ವರ್ಷಗಟ್ಟಲೆ ಎಕ್ಸ್‌ಎಂಎಲ್ ಕಡತವಾಗಿ ಅಪ್‌ಲೋಡ್ ಮಾಡಬೇಕಿತ್ತು. 2021-22ರ ಕರನಿರ್ಧಾರಣ ವರ್ಷದಿಂದ ಆ ಜಾಗಕ್ಕೆ ಜೇಸನ್ ಬಂತು. ಬೆಂಗಳೂರಿನ ಟ್ಯಾಲಿ ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶಕ್ಕೆ ಬೇರೆ ಅಪ್ಲಿಕೇಶನ್‌ಗಳಿಂದ ವೋಚರ್‌ಗಳನ್ನು ಕಳುಹಿಸುವ ರೂಢಿಯ ದಾರಿ ಎಕ್ಸ್‌ಎಂಎಲ್. 2016ರಲ್ಲಿ ಆರಂಭವಾದ ಯುಪಿಐ ಪಾವತಿಯಲ್ಲಿ ಬ್ಯಾಂಕುಗಳ ನಡುವೆ ಹರಿಯಲು ನಿಗದಿಯಾದ ಸಂದೇಶಗಳು ಇದೇ ರೂಪದವು. ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಕಡತ ಡಿಜಿಟಲ್ ಸಹಿಯುಳ್ಳ ಎಕ್ಸ್‌ಎಂಎಲ್ ಆಗಿದ್ದು, ಅದರಲ್ಲಿ ಒಂದಕ್ಷರ ತಿದ್ದಿದರೂ ಸಹಿಯ ಪರಿಶೀಲನೆ ವಿಫಲವಾಗುತ್ತದೆ. ಸಹಿ ಹಾಕುವ ಮುನ್ನ ಕಡತವನ್ನು ಒಂದೇ ನಿಯತ ರೂಪಕ್ಕೆ ತರುವ ಕ್ರಮ ಎಕ್ಸ್‌ಎಂಎಲ್‌ಗೆ 2001–02ರಲ್ಲಿಯೇ ಮಾನಕವಾಗಿತ್ತು. ಜೇಸನ್‌ಗೆ ಅಂಥ ಕ್ರಮ ಬಂದದ್ದು ಬಹಳ ತಡವಾಗಿ.