ನಮ್ಮ ಬೆಟ್ಟದ ಸುರಂಗ ಎಲ್ಲಿಗೆ ಹೋಗುತ್ತೆ?

🔦 ಭಾಗ 1: ಒಂದು ಪೊಟರೆ ಕಂಡರೆ ಸಾಕು

ನೀವು ಬೆಳ್ಳಾವಿ ಕಡೆಯವರಾದರೆ ಈ ಮಾತು ಕಿವಿಗೆ ಬಿದ್ದೇ ಇರುತ್ತೆ: "ಆ ಗವಿ ಒಳಗೆ ಸುರಂಗ ಇದೆ ಕಣ್ರೋ." ಎಲ್ಲಿಗೆ ಹೋಗುತ್ತೆ ಅಂತ ಕೇಳಿ ನೋಡಿ. ಒಬ್ಬರು ದೇವರಾಯನದುರ್ಗ ಅಂತಾರೆ, ಇನ್ನೊಬ್ಬರು ಸಿದ್ಧಗಂಗೆ ಅಂತಾರೆ. ಅರಳಿಕಟ್ಟೆ ಮೇಲೆ ಕೂತ ತಾತ ನಮ್ಮನ್ನ ಸೀದಾ ಕಾಶಿಗೇ ಕಳಿಸಿಬಿಡ್ತಾರೆ.

ಈಗ ಕಥೆ ಇನ್ನೂ ಜೋರು. ಎಲ್ಲೋ ಜೆಸಿಬಿ ಮಣ್ಣು ತೆಗೆಯುವಾಗ ಬಂಡೆ ಕೆಳಗೆ ಒಂದು ಬಾಯಿ ಕಂಡರೆ, ಸಂಜೆಯೊಳಗೆ ರೀಲ್ಸ್ ರೆಡಿ. ಮರುದಿನ ನಾಲ್ಕು ಹುಡುಗರು ಮೊಬೈಲ್ ಟಾರ್ಚ್ ಹಿಡಿದು ಒಳಗೆ ತೆವಳ್ತಾರೆ. ಮೂರನೇ ದಿನ ರಾತ್ರಿ ಬರೋರು ಬೇರೆ ಜನ, ಅವರ ಕೈಲಿ ಗುದ್ದಲಿ ಇರುತ್ತೆ.

ಆ ನಾಲ್ಕು ಹುಡುಗರಿಗೆ ಮತ್ತು ಅವರ ರೀಲ್ಸ್ ನೋಡೋ ನಿಮಗೆ ಈ ಸರಣಿ. ಸುರಂಗದ ಕಥೆ ಪೂರ್ತಿ ಸುಳ್ಳು ಅಂತ ನಾನು ಹೇಳೋಲ್ಲ. ಅದರಲ್ಲಿ ಯಾವುದು ನಿಜ ಅಂತ ಒಟ್ಟಿಗೆ ನೋಡೋಣ.

🔦 ಭಾಗ 2: ಶಿವಗಂಗೆಯಿಂದ ಗವಿಪುರಕ್ಕೆ

ನಮ್ಮ ಭಾಗದ ಫೇಮಸ್ ಸುರಂಗದ ಕಥೆ ಯಾವುದು ಗೊತ್ತಾ? ತುಮಕೂರಿಂದ ಬೆಂಗಳೂರಿಗೆ ಹೋಗುವಾಗ ಡಾಬಸ್‌ಪೇಟೆ ಹತ್ತಿರ ಕಾಣುತ್ತಲ್ಲ, ಆ ಶಿವಗಂಗೆ ಬೆಟ್ಟದ್ದು. ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರ ದೇವಸ್ಥಾನದಿಂದ ಶಿವಗಂಗೆಗೆ ಸುರಂಗ ಇದೆ, ಇನ್ನೊಂದು ಕಾಶಿಗೆ ಹೋಗುತ್ತೆ ಅಂತ ಜನ ತಲೆತಲಾಂತರದಿಂದ ಹೇಳ್ತಾ ಬಂದಿದ್ದಾರೆ.

ಈಗ ಎರಡೂ ತುದಿಯನ್ನ ಪಕ್ಕಪಕ್ಕ ಇಟ್ಟು ನೋಡಿ. ಗವಿಪುರದ ದೇವರು ಗಂಗಾಧರೇಶ್ವರ, ಶಿವಗಂಗೆಯ ದೇವರೂ ಗಂಗಾಧರೇಶ್ವರ. ಅಲ್ಲಿ ದೇವಸ್ಥಾನ ಇರೋದು ಗವಿಯೊಳಗೆ, ಇಲ್ಲೂ ಗವಿಯೊಳಗೇ. ಎರಡು ಜಾಗಕ್ಕೂ ಕೆಂಪೇಗೌಡರ ಹೆಸರು ಅಂಟಿಕೊಂಡಿದೆ. ಒಂದೇ ಹೆಸರಿನ ದೇವರು, ಒಂದೇ ಮನೆತನದ ಆಳ್ವಿಕೆ, ಎರಡೂ ಕಡೆ ಕತ್ತಲೆ ಗವಿ. ಇದನ್ನೆಲ್ಲ ಒಂದೇ ಮಾತಲ್ಲಿ ಮೊಮ್ಮಕ್ಕಳಿಗೆ ಹೇಳಬೇಕಂದರೆ ಅಜ್ಜಿ ಏನು ಹೇಳ್ತಾಳೆ? "ಇದಕ್ಕೂ ಅದಕ್ಕೂ ಒಳಗೊಳಗೇ ದಾರಿ ಇದೆ ಮಗಾ" ಅಂತಾಳೆ.

ಊರು ಊರಿನ ನೆಂಟಸ್ತಿಕೆಯನ್ನ ಜನ ಹೀಗೂ ನೆನಪಿಟ್ಟುಕೊಳ್ತಾರೆ.

🔦 ಭಾಗ 3: ಬಿಕಾಂ ಲೆಕ್ಕ

ನಾವು ಕಾಮರ್ಸ್ ಓದೋರು. ಯಾವ ಪ್ರಾಜೆಕ್ಟ್ ಬಂದರೂ ಮೊದಲು ಕಾಸ್ಟಿಂಗ್ ಹಾಕ್ತೀವಿ. ಈ ಸುರಂಗಕ್ಕೂ ಹಾಕೋಣ.

ದೂರ ಸುಮಾರು 50 ಕಿ.ಮೀ. ಒಬ್ಬ ಮನುಷ್ಯ ನಡೆಯುವಷ್ಟು ಜಾಗ ಅಂದರೆ 1 ಮೀಟರ್ ಅಗಲ, 2 ಮೀಟರ್ ಎತ್ತರ. ಒಟ್ಟು ತೆಗೆಯಬೇಕಾದ ಕಲ್ಲು 1,00,000 ಘನ ಮೀಟರ್. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತೆ. ಅಲ್ಲಿಗೆ 2,70,000 ಟನ್. ಒಂದು ಎತ್ತಿನ ಗಾಡಿಗೆ ಅರ್ಧ ಟನ್ ಅಂತ ಇಟ್ಟುಕೊಂಡರೂ 5,40,000 ಗಾಡಿ ಕಲ್ಲು. ಆ ಕಲ್ಲಿನ ರಾಶಿ ಎಲ್ಲಿದೆ? ಅಷ್ಟು ಕಲ್ಲು ಸುರಿದಿದ್ದರೆ ದಾರಿಯಲ್ಲಿ ಇನ್ನೊಂದು ಗುಡ್ಡವೇ ಏಳಬೇಕಿತ್ತು.

ಟೈಮ್ ಲೆಕ್ಕ ನೋಡಿ. ಉಳಿ ಸುತ್ತಿಗೆಯಲ್ಲಿ ದಿನಕ್ಕೆ ಕಾಲು ಮೀಟರ್ ಮುಂದೆ ಹೋದರು ಅಂದುಕೊಳ್ಳಿ. ಎರಡೂ ತುದಿಯಿಂದ ಕೊರೆದರೆ ದಿನಕ್ಕೆ ಅರ್ಧ ಮೀಟರ್. 50 ಕಿ.ಮೀ.ಗೆ 1,00,000 ದಿನ ಬೇಕು. ಅಂದರೆ ಯುಗಾದಿ, ಸಂಕ್ರಾಂತಿಗೂ ರಜೆ ಇಲ್ಲದೆ 274 ವರ್ಷ! ಬೆಂಗಳೂರು ಕಟ್ಟಿದ್ದು ಅಂತ ಹೇಳೋ 1537ರಲ್ಲೇ ಶುರು ಮಾಡಿದ್ದರೂ ಮುಗಿಯೋದು 1811ಕ್ಕೆ. ಅಷ್ಟೊತ್ತಿಗೆ ಟಿಪ್ಪು ಸುಲ್ತಾನ್ ತೀರಿಕೊಂಡು 12 ವರ್ಷ ಆಗಿತ್ತು.

ಇವತ್ತಿನ ಮಾತು ಬೇಕಾ? ನಮ್ಮ ಮೆಟ್ರೋದ ಕಾಳೇನ ಅಗ್ರಹಾರ–ನಾಗವಾರ ಮಾರ್ಗದಲ್ಲಿ ಹೋಗೋಕೆ ಒಂದು, ಬರೋಕೆ ಒಂದು ಸೇರಿ ಸುಮಾರು 21 ಕಿ.ಮೀ. ಸುರಂಗ ಕೊರೆದರು. 9 ದೈತ್ಯ ಯಂತ್ರ ಇಳಿಸಿದರೂ 2020ರ ಆಗಸ್ಟ್‌ನಲ್ಲಿ ಶುರುವಾದದ್ದು ಮುಗಿದದ್ದು 2024ರ ಅಕ್ಟೋಬರ್‌ನಲ್ಲಿ.

🔦 ಭಾಗ 4: ಹಾಗಾದರೆ ಗವಿ ಆಗಿದ್ದು ಹೇಗೆ?

"ಮನುಷ್ಯ ಕೊರೆಯದಿದ್ದರೆ ಪ್ರಕೃತಿಯೇ ಕೊರೆದಿರಬಹುದಲ್ವಾ?" ಒಳ್ಳೇ ಪ್ರಶ್ನೆ. ಉತ್ತರ ಕಲ್ಲಿನಲ್ಲಿದೆ.

ಕಿಲೋಮೀಟರ್‌ಗಟ್ಟಲೆ ಉದ್ದದ ಗವಿಗಳು ಸಾಮಾನ್ಯವಾಗಿ ಸುಣ್ಣಕಲ್ಲಿನಲ್ಲಿ ಆಗ್ತವೆ, ಯಾಕಂದರೆ ಸುಣ್ಣಕಲ್ಲನ್ನ ನೀರು ನಿಧಾನಕ್ಕೆ ಕರಗಿಸುತ್ತೆ. ಆಂಧ್ರದ ಬೇಲಂ ಗುಹೆ ಹಾಗೇ ಆದದ್ದು. ಅಷ್ಟು ಹೆಸರುವಾಸಿಯಾದ ಅದರ ಉದ್ದ ಎಷ್ಟು? 3 ಕಿ.ಮೀ. ಚಿಲ್ಲರೆ, ಅಷ್ಟೇ.

ನಮ್ಮ ತುಮಕೂರಿನ ಬೆಟ್ಟಗಳು ಗ್ರಾನೈಟ್. ಅದು ನೀರಿಗೆ ಹಾಗೆ ಕರಗೋ ಕಲ್ಲಲ್ಲ. ಬಿಸಿಲು ಮಳೆಗೆ ಬಿರುಕು ಬಿಡುತ್ತೆ, ಈರುಳ್ಳಿ ಸಿಪ್ಪೆ ಥರ ಪದರ ಏಳುತ್ತೆ, ದೊಡ್ಡ ಗುಂಡುಗಳು ಉರುಳಿ ಒಂದರ ಮೇಲೊಂದು ಕೂರ್ತವೆ. ಅವುಗಳ ನಡುವಿನ ಸಂದೇ ನಮ್ಮ ಗವಿ. ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟಕ್ಕೆ ಹೋದವರಿಗೆ ಇದು ಗೊತ್ತಿರುತ್ತೆ. ಬಂಡೆಗಳ ಒಳಗೆ ಇಳಿದರೆ ತಂಪು, ಕತ್ತಲೆ, ಸಿದ್ಧೇಶ್ವರನ ಸನ್ನಿಧಿ, ಪಕ್ಕದಲ್ಲೇ ನೀರು. ಇಂಥ ಸಂದು ಸ್ವಲ್ಪ ದೂರ ಹೋಗಿ ಕಿರಿದಾಗುತ್ತೆ. ಆಮೇಲೆ ಮನುಷ್ಯ ತೂರಲ್ಲ, ಆದರೆ ಗಾಳಿ ಬರ್ತಾ ಇರುತ್ತೆ. ಆ ಗಾಳಿ ಮುಖಕ್ಕೆ ತಾಕಿದ ತಕ್ಷಣ ಅನ್ನಿಸುತ್ತೆ, "ಆ ಕಡೆ ಇನ್ನೊಂದು ಬಾಯಿ ಇದೆ!" ಇರಬಹುದು. ಅದೇ ಬೆಟ್ಟದ ಇನ್ನೊಂದು ಪಕ್ಕದಲ್ಲಿ.

🔦 ಭಾಗ 5: ನಿಜವಾದ ಸುರಂಗ ತೋರಿಸ್ತೀನಿ ಬನ್ನಿ

ಕನ್ನಡ ನಾಡಿನಲ್ಲಿ ಮನುಷ್ಯರು ತೋಡಿದ ಸುರಂಗ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಬೀದರ್ ಪಕ್ಕದ ನೌಬಾದ್‌ನಲ್ಲಿ ಜನ "ಸುರಂಗ ಬಾವಿ" ಅಂತ ಕರೀತಿದ್ದ ಒಂದು ಜಾಗ ಇದೆ. 2015ರ ಸುಮಾರಿಗೆ ಹೂಳು ತೆಗೆದು ನೋಡಿದಾಗ ಅದರ ಪೂರ್ಣ ರೂಪ ಕಂಡಿತು: ಸುಮಾರು 3 ಕಿ.ಮೀ. ಉದ್ದಕ್ಕೆ ನೆಲದಡಿಯಲ್ಲಿ ನೀರು ಹರಿಸುವ ಕಾಲುವೆ. ಬಹಮನಿ ಸುಲ್ತಾನರ ಕಾಲದ್ದು, ಹೆಸರು ಕರೇಜ್. ಇರಾನಿನಿಂದ ಬಂದ ತಂತ್ರ. ಮೇಲಿನಿಂದ ಗಾಳಿ ಬೆಳಕಿಗೆ ಅಂತ ಇಪ್ಪತ್ತಕ್ಕೂ ಹೆಚ್ಚು ಬಾವಿಯಂಥ ಕಿಂಡಿಗಳು.

ಈ ಕಿಂಡಿಗಳನ್ನ ಮರೀಬೇಡಿ. ಸುರಂಗ ತೋಡೋದು ನಿಜವಾಗಲೂ ಗೊತ್ತಿದ್ದವರು 3 ಕಿ.ಮೀ.ಗೇ ಇಷ್ಟು ಕಿಂಡಿ ಬಿಟ್ಟಿದ್ದಾರೆ. ಆ ಲೆಕ್ಕದಲ್ಲಿ ಶಿವಗಂಗೆ ಸುರಂಗಕ್ಕೆ ಮುನ್ನೂರಕ್ಕೂ ಹೆಚ್ಚು ಬೇಕು. ನೆಲಮಂಗಲದ ಹೊಲಗಳಲ್ಲಿ ಯಾರಾದರೂ ಒಂದನ್ನ ನೋಡಿದ್ದೀರಾ?

ಕಾಸರಗೋಡು, ದಕ್ಷಿಣ ಕನ್ನಡದ ಕಡೆ ಹೋದರೆ "ಸುರಂಗ" ಅನ್ನೋದು ಮನೆಮಾತು. ಗುಡ್ಡಕ್ಕೆ ಅಡ್ಡಲಾಗಿ ತೋಡಿದ ನೀರಿನ ಬಾವಿ ಅದು. ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಬಂದು ಒಬ್ಬರೇ ಸುರಂಗ ತೋಡಿದವರು. ಮೊದಲ ಕೆಲವು ಪ್ರಯತ್ನಗಳಲ್ಲಿ ನೀರು ಸಿಗಲಿಲ್ಲ. ಆದರೂ ಬಿಡದೆ ಬೋಳುಗುಡ್ಡವನ್ನ ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು.

ಬೀದರ್‌ನಲ್ಲೂ ಕಾಸರಗೋಡಿನಲ್ಲೂ ಇರೋದು ಕೆಂಪು ಮುರಕಲ್ಲು. ಪಿಕಾಸಿಗೆ ಬಗ್ಗುತ್ತೆ. ನಮ್ಮ ಗ್ರಾನೈಟ್ ಬಗ್ಗಲ್ಲ. ಇನ್ನೊಂದು ವಿಷಯ: ಅಲ್ಲಿನವರು ತೋಡಿದ್ದು ರಾಜ ಓಡಿಹೋಗಲಿ ಅಂತಲ್ಲ, ನೀರಿಗೆ.

🔦 ಭಾಗ 6: ಕಥೆಯಲ್ಲಿ ಇರೋ ನಿಜ

ಕೋಟೆಗಳಲ್ಲಿ ಗುಟ್ಟಿನ ದಾರಿ ಇದ್ದದ್ದೂ ಉಂಟು. ಆದರೆ ಅವು ಚಿಕ್ಕವು: ದಿಡ್ಡಿ ಬಾಗಿಲು, ಬಂಡೆ ಸಂದು. ಚಿತ್ರದುರ್ಗದ ಒನಕೆ ಓಬವ್ವನ ಕಿಂಡಿಯನ್ನೇ ನೆನಪು ಮಾಡಿಕೊಳ್ಳಿ. ಒಬ್ಬೊಬ್ಬರೇ ತೂರಬೇಕಾದಷ್ಟು ಕಿರಿದು ಅಂತಲೇ ಆ ಕಥೆ ನಡೆಯೋದು. ಕೆಲವು ಅಡಿಯ ಕಿಂಡಿ ಬಾಯಿಂದ ಬಾಯಿಗೆ ಬರ್ತಾ ಬರ್ತಾ ಹರದಾರಿ ಉದ್ದ ಬೆಳೆದಿರಬಹುದು.

ಇನ್ನೊಂದು ನಿಜ ನೀರು. ದೇವರಾಯನದುರ್ಗದ ನಾಮದ ಚಿಲುಮೆಯಲ್ಲಿ ಬಂಡೆಯೊಳಗಿಂದ ನೀರು ಬರೋದನ್ನ ನೀವೂ ಬೊಗಸೆಯಲ್ಲಿ ಹಿಡಿದಿರ್ತೀರಿ. ಅದೇ ಬೆಟ್ಟಸಾಲಿನಲ್ಲಿ ಹುಟ್ಟಿದ ಶಿಂಷಾ ಕಾವೇರಿಗೆ ಹೋಗುತ್ತೆ, ಜಯಮಂಗಲಿ ಉತ್ತರ ಪಿನಾಕಿನಿಗೆ ಹೋಗುತ್ತೆ. ಕಲ್ಲಿನ ಬಿರುಕಿನಲ್ಲಿ ದಾರಿ ಇರೋದು ನಿಜ. ಆ ದಾರಿ ಹಿಡಿದು ಹೋಗೋದು ಮಳೆನೀರು.

🔦 ಭಾಗ 7: ಗುದ್ದಲಿ ಹಿಡಿದವರು

ಕಥೆ ಕಥೆಯಾಗಿದ್ದರೆ ನಾನು ಇಷ್ಟುದ್ದ ಬರೀತಿರಲಿಲ್ಲ. "ಸುರಂಗ ಇದೆ" ಅನ್ನೋ ಮಾತಿನ ಬೆನ್ನಿಗೇ "ನಿಧಿ ಇದೆ" ಅನ್ನೋ ಮಾತು ಬರುತ್ತೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನ ನಿಧಿಗಳ್ಳರು ಒಡೆದು ಹಾಕಿದರು. ಅಷ್ಟು ಹೆಸರಾಂತ ಜಾಗಕ್ಕೇ ಹೀಗಾದರೆ, ನಮ್ಮೂರ ಹೊಲದ ಬದುವಿನಲ್ಲಿ ನಿಂತ ವೀರಗಲ್ಲನ್ನ ಕಾಯೋರು ಯಾರು?

ಬಿ. ಎಲ್. ರೈಸ್ ತುಮಕೂರು ಜಿಲ್ಲೆಯ ಶಾಸನಗಳನ್ನ ಸೇರಿಸಿ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ತಂದರು. ನಮ್ಮ ಹಳ್ಳಿಗಳ ನಿಜವಾದ ನಿಧಿ ಅಂದರೆ ಆ ಕಲ್ಲುಗಳ ಮೇಲಿನ ಅಕ್ಷರ. ಒಂದು ಸಲ ಒಡೆದರೆ ಮುಗೀತು.

ಅದಕ್ಕೇ, ಹೊಸ ಗವಿ ಕಂಡರೆ ಇಷ್ಟು ಮಾಡಿ:

👉 ಒಳಗೆ ನುಗ್ಗಬೇಡಿ. ಗಾಳಿಯಾಡದ ಕಡೆ ಉಸಿರು ಕಟ್ಟುತ್ತೆ, ಬಂಡೆ ಜಾರುತ್ತೆ. ನಮ್ಮ ಕಡೆ ಚಿರತೆ, ಕರಡಿ ಮಲಗೋದೂ ಇಂಥ ಸಂದಿನಲ್ಲೇ.
👉 ಹೊರಗಿನಿಂದ ಫೋಟೋ ತೆಗೆಯಿರಿ. ಲೊಕೇಶನ್ ಹಾಕಬೇಡಿ.
👉 ಏನನ್ನೂ ಅಗೆಯಬೇಡಿ, ಎತ್ತಬೇಡಿ. ಪಂಚಾಯ್ತಿಗೂ ತಹಶೀಲ್ದಾರರಿಗೂ ತಿಳಿಸಿ. ನೆಲದಡಿ ಸಿಕ್ಕ ನಿಧಿಗೆ ಅಂತಲೇ ರಾಜ್ಯದಲ್ಲಿ 1962ರ ಕಾಯ್ದೆ ಇದೆ. ಬಚ್ಚಿಟ್ಟುಕೊಂಡರೆ ಕೇಸ್ ಆಗುತ್ತೆ.
👉 ಊರಿನ ಹಿರಿಯರ ಹತ್ತಿರ ಕೂತು ಆ ಸುರಂಗದ ಕಥೆ ರೆಕಾರ್ಡ್ ಮಾಡಿಕೊಳ್ಳಿ. ಮುಖ್ಯವಾಗಿ ಒಂದು ಪ್ರಶ್ನೆ ಕೇಳಿ: "ಆ ಕಡೆ ತುದಿ ಯಾವ ಊರು?"

ಆ ಊರಿಗೂ ನಿಮ್ಮೂರಿಗೂ ಏನು ಸಂಬಂಧ ಅಂತ ಹುಡುಕಿ. ಒಂದೇ ದೇವರಾ? ಒಬ್ಬನೇ ಪಾಳೇಗಾರನಾ? ಹೆಣ್ಣು ಕೊಟ್ಟು ತಂದ ನಂಟಾ? ಹಳೇ ಸಂತೆ ದಾರಿನಾ? ನಿಮ್ಮೂರ ಸುರಂಗ ಎಲ್ಲಿಂದ ಎಲ್ಲಿಗೆ ಅಂತ ಕೆಳಗೆ ಬರೀರಿ. ಎಲ್ಲ ಸೇರಿಸಿ ತುಮಕೂರಿನ ಮ್ಯಾಪ್ ಮೇಲೆ ಗೆರೆ ಎಳೆದು ಮುಂದಿನ ಸರಣಿಯಲ್ಲಿ ಹಾಕ್ತೀನಿ. ಯಾವ ಊರಿಗೆ ಜಾಸ್ತಿ ಸುರಂಗ ಸೇರುತ್ತೋ ನೋಡೋಣ.

#ಬೆಳ್ಳಾವಿ #ತುಮಕೂರು #ನಮ್ಮೂರ_ಇತಿಹಾಸ #ಸುರಂಗದ_ಕಥೆ